ಪದ ಪರಿಚಯ: ಮುತ್ತು ಕಟ್ಟುವುದು

ಹುಡುಗಿಯನ್ನು ಎಲ್ಲಮ್ಮನ ಹೆಸರಿಗೆ ದೇವದಾಸಿಯಾಗಿ ಬಿಡುವುದೇ ‘ಮುತ್ತು ಕಟ್ಟುವುದು’. ಇಲ್ಲಿ ಮುತ್ತೆಂದರೆ ಸಮುದ್ರದ್ದಲ್ಲ, ಕೆಂಪು-ಬಿಳಿ ಮಣಿಗಳ ಸರ. ತಾಳಿಯ ಹಾಗೆ ಕೊರಳಿಗೇ ಕಟ್ಟುತ್ತಾರೆ, ಗಂಡನಿಲ್ಲ ಅಷ್ಟೆ. ಬೆಳಗಾವಿ, ಬಾಗಲಕೋಟೆ ಕಡೆಯ ಬಡ ದಲಿತ ಕುಟುಂಬಗಳಲ್ಲಿ ಹೊರಗೆ ಹರಕೆಯ ಮಾತು. ಒಳಗೆ ಸಾಲ, ಹೊಲವಿಲ್ಲದ ಬದುಕು. ಹೀಗೆ ಮುತ್ತು ಕಟ್ಟಿಸಿಕೊಂಡ ಅನೇಕರು ದಲ್ಲಾಳಿಗಳ ಕೈಸೇರಿ ಮುಂಬಯಿಯ ಕಾಮಾಠಿಪುರಕ್ಕೋ ಪುಣೆಯ ಬುಧವಾರ ಪೇಟೆಗೋ ಹೋದರು. ಅಲ್ಲಿ ವೇಶ್ಯಾಗೃಹ ನಡೆಸುವವಳು ‘ಘರವಾಲಿ’. ಮನೆಯೊಡತಿ ಎಂಬ ಮರ್ಯಾದೆಯ ಪದಕ್ಕೆ ಎಂಥ ಗತಿ! ದಲ್ಲಾಳಿಗೆ ತೆತ್ತ ಹಣವನ್ನು ಹುಡುಗಿಯ ಲೆಕ್ಕಕ್ಕೇ ಬರೆದು, ತೀರುವ ತನಕ ದುಡಿಸುವುದು ಅಲ್ಲಿನ ಪದ್ಧತಿ. ಕರ್ನಾಟಕದ 1982ರ ಕಾಯಿದೆ ಮುತ್ತು ಕಟ್ಟುವುದನ್ನು ‘ಸಮರ್ಪಣೆ’ ಎಂದು ಕರೆದು ನಿಷೇಧಿಸಿತು. ಅದರಡಿ, ಕಟ್ಟಿಸಿದವರು ಹೆತ್ತವರೇ ಆದರೆ ಶಿಕ್ಷೆ ಇತರರಿಗಿಂತ ಹೆಚ್ಚಿತ್ತು, 5 ವರ್ಷದವರೆಗೆ.