ಜೀತ ಎಂಬ ಮಾತಿನ ಚರಿತ್ರೆ

ದುಡಿಮೆಗೆ ಪ್ರತಿಯಾಗಿ ದೊರೆಯುವುದಕ್ಕೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆ ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಸಂಬಳ, ಕೂಲಿ, ಆಯ, ಉಂಬಳಿ, ಮಜೂರಿ, ಜೀತ. ಇವು ಒಂದೇ ಅರ್ಥದ ಪರ್ಯಾಯ ಪದಗಳಲ್ಲ. ಒಂದೊಂದರ ಹಿಂದೆಯೂ ದುಡಿಸುವವನಿಗೂ ದುಡಿಯುವವನಿಗೂ ನಡುವಣ ಒಂದೊಂದು ಬಗೆಯ ಕಟ್ಟು ಇದೆ. ಸಂಬಳವೆಂದರೆ ಮೂಲದಲ್ಲಿ ದಾರಿಯ ಬುತ್ತಿ. ತಿಂಗಳ ಕೊನೆಯ ವಾರವನ್ನು ಬಲ್ಲ ಗುಮಾಸ್ತರು ಈ ವ್ಯುತ್ಪತ್ತಿಯನ್ನು ತಕರಾರಿಲ್ಲದೆ ಒಪ್ಪಿಯಾರು. ಬಿಟ್ಟಿ ಎಂಬುದು ಸಂಸ್ಕೃತದ 'ವಿಷ್ಟಿ'ಯ ತದ್ಭವ. ಅರಸನಿಗೋ ಊರಿನ ಒಡೆಯನಿಗೋ ಕೂಲಿಯಿಲ್ಲದೆ ಮಾಡಬೇಕಾಗಿದ್ದ ಬಲವಂತದ ದುಡಿಮೆ ಅದು; ಶಾಸನಗಳಲ್ಲಿ ತೆರಿಗೆಗಳ ಸಾಲಿನಲ್ಲಿಯೇ ಅದರ ಹೆಸರು ಬರುತ್ತದೆ. ಇಂದು 'ಬಿಟ್ಟಿ ಸಿಕ್ಕಿತು' ಎಂದು ನಾವು ಸಂತೋಷದಿಂದ ಹೇಳುತ್ತೇವೆ. ಕೊಟ್ಟವನ ಸಂಕಟ ಅಳಿದು ಪಡೆದವನ ಸುಖವಷ್ಟೇ ಆ ಮಾತಿನಲ್ಲಿ ಉಳಿಯಿತು.

ಆದರೆ ಈ ಪದಗಳಲ್ಲಿ ನನ್ನನ್ನು ಬಹುಕಾಲದಿಂದ ಕಾಡಿರುವುದು 'ಜೀತ'. 'ಜೀವಿತ'ವೇ ಸವೆದು ಜೀತವಾಯಿತು. ಜೀವಿತವೆಂದರೆ ಜೀವನಕ್ಕೆ ಆಧಾರವಾದದ್ದು: ಒಡೆಯನು ಸೇವಕನಿಗೆ ಬಿಟ್ಟುಕೊಟ್ಟ ಭೂಮಿ, ಧಾನ್ಯ. ಹಳಗನ್ನಡ ಸಾಹಿತ್ಯದ ವೀರರಿಗೆ ಇದು ನಾಚಿಕೆಯ ವಿಷಯವಾಗಿರಲಿಲ್ಲ. ಉಂಡ ಜೋಳಕ್ಕೆ ಪ್ರತಿಯಾಗಿ ಪ್ರಾಣವನ್ನೇ ಒಪ್ಪಿಸುವ 'ಜೋಳವಾಳಿ' ಅವರಿಗೆ ಹೆಮ್ಮೆಯಾಗಿತ್ತು. ಅದೂ ಋಣವೇ ತಾನೆ? ಹಾಗಿದ್ದರೂ ಅಂಥ ಋಣಿಗೆ ವೀರಗಲ್ಲು ನಿಂತಿತು. ಅದೇ ಮಾತು ಹೊಲದಲ್ಲಿ ಗೇಯುವ ಆಳಿನವರೆಗೆ ಇಳಿದು ಬರುವಷ್ಟರಲ್ಲಿ ಋಣ ಉಳಿಯಿತು, ಮಾನ ಉಳಿಯಲಿಲ್ಲ.

ಇದಕ್ಕೆ ಬೇರೆಯಾದದ್ದು ಆಯ. ಮಾರ್ಕ್ ವಿಲ್ಕ್ಸ್ ಮೈಸೂರಿನ ಚರಿತ್ರೆಯನ್ನು ಹೇಳುವ ತನ್ನ ಗ್ರಂಥದ ಮೊದಲ ಸಂಪುಟದಲ್ಲಿ, 1810ರಲ್ಲಿ, ಹಳ್ಳಿಯ ಹನ್ನೆರಡು ಆಯಗಾರರನ್ನು ಪಟ್ಟಿಮಾಡಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ. ನೇಗಿಲ ಕುಳವನ್ನು ಹದಮಾಡಿದ ಕಮ್ಮಾರನಿಗೆ ಆ ಹೊತ್ತಿನಲ್ಲಿ ಯಾರೂ ಹಣ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ, ರಾಶಿಯು ಕಣದಿಂದ ಮನೆಗೆ ಹೋಗುವ ಮುನ್ನ, ಅವನ ಪಾಲು ಅವನ ಕಣ್ಣೆದುರಿಗೇ ಅಳೆದು ಬೀಳುತ್ತಿತ್ತು. ಬೆಳೆ ಹೋದರೆ ಅವನ ಆಯವೂ ಹೋಯಿತು. ವಿಲ್ಕ್ಸನಿಗೆ ಇಂಥ ಹಳ್ಳಿ ಒಂದು ಗಣರಾಜ್ಯದಂತೆ ಕಂಡಿತು. ಪಾಲು ಒಲ್ಲೆನೆಂದು ಬೇರೆ ಕಸುಬು ಹಿಡಿಯಲು ತೋಟಿಯ ಮಗನಿಗೆ ಈ ಗಣರಾಜ್ಯದಲ್ಲಿ ಅವಕಾಶವಿತ್ತೆ ಎಂದು ಅವನನ್ನು ಕೇಳಬೇಕೆನಿಸುತ್ತದೆ. ಪಟೇಲ, ಶಾನುಭೋಗ, ತೋಟಿ, ತಳವಾರ ಮೊದಲಾದ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಕಾಯಿದೆ ರದ್ದುಪಡಿಸಿತು. ಅದು ಜಾರಿಗೆ ಬಂದದ್ದು 1963ರಲ್ಲಿ.

ಇನ್ನು ಕಾಫಿ ತೋಟಗಳು, ಗಣಿಗಳು ಬಂದಾಗ ಹೊಸದೊಂದು ಕಟ್ಟು ಬಂತು: ಮುಂಗಡ. ಮೇಸ್ತ್ರಿಯು ಊರಿಗೆ ಬಂದು ಹಣ ಕೊಡುವನು. ಪಡೆದವನು ಘಟ್ಟಕ್ಕೆ ಹೋಗಿ ದುಡಿದು ತೀರಿಸಬೇಕು. ಮೇಲುನೋಟಕ್ಕೆ ಇದು ಇಬ್ಬರು ಸ್ವತಂತ್ರರ ನಡುವಿನ ಕರಾರು. ಆದರೆ 1859ರ ಬ್ರಿಟಿಷ್ ಕಾಯಿದೆಯೊಂದರ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಗಾರನು ಮ್ಯಾಜಿಸ್ಟ್ರೇಟನ ಆಜ್ಞೆಯನ್ನು ಮೀರಿದರೆ ಅವನಿಗೆ ಮೂರು ತಿಂಗಳವರೆಗೆ ಸೆರೆಮನೆಯಾಗಬಹುದಿತ್ತು. ಕರಾರು ಮುರಿದ ವ್ಯಾಪಾರಿಗೆ ಸಿವಿಲ್ ದಾವೆ, ಕರಾರು ಮುರಿದ ಕೂಲಿಗೆ ಸೆರೆ! ಆ ಕಾಯಿದೆಯನ್ನು ಕಿತ್ತುಹಾಕುವ ತೀರ್ಮಾನವಾದದ್ದು 1925ರಲ್ಲಿ. ಕಾನೂನು ಹೋದರೂ ಸಾಲ ಹೋಗಲಿಲ್ಲ. 1933ರಲ್ಲಿ ಹೊರಬಂದ ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನು ತನ್ನ ಸಾಲಕ್ಕಾಗಿ ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸುವುದನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೋಲಾರದ ಚಿನ್ನದ ಗಣಿಗಳಲ್ಲಿ ಕೂಲಿಗಾರರು 1930ರ ಏಪ್ರಿಲಿನಲ್ಲಿ ಕೆಲಸ ನಿಲ್ಲಿಸಿದರು. ಕಾರಣ ಬರಿಯ ಕೂಲಿಯ ಹೆಚ್ಚಳವಲ್ಲ. ಎಲ್ಲರೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಹೊಸ ಕಟ್ಟಳೆ. ಸಾಲಪತ್ರಗಳಿಗೆ ಹೆಬ್ಬೆಟ್ಟು ಒತ್ತಿದವರ ಮಕ್ಕಳಿಗೆ ಹೆಬ್ಬೆಟ್ಟಿನ ಬೆಲೆ ಗೊತ್ತಿತ್ತೆಂದು ನನ್ನ ಊಹೆ.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯಿದೆಯಾದ ಜೀತಪದ್ಧತಿಯ ನಿರ್ಮೂಲನವು ಜೀತದಾಳನ್ನು ಬಿಡಿಸಿದ್ದಲ್ಲದೆ ಅವನ ಸಾಲವನ್ನೂ ಅಳಿಸಿತು. ಆಳನ್ನು ಬಿಟ್ಟು ಸಾಲವನ್ನು ಉಳಿಸಿದ್ದರೆ ಮರುದಿನವೇ ಅವನು ಹಳೆಯ ಅಂಗಳಕ್ಕೆ ಮರಳುತ್ತಿದ್ದ. 1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದವರ ಮೊಕದ್ದಮೆಯಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಸಂವಿಧಾನವು ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಹಸಿವೂ ಒಂದು ಬಲವಂತ ಎಂಬ ವಾದವನ್ನು ನ್ಯಾಯಪೀಠವು ಒಪ್ಪಿದ್ದು ನನಗೆ ಆ ಕಾಯಿದೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಈಗ ಬೆಂಗಳೂರಿನ ಬೀದಿಗಳಲ್ಲಿ ಬೈಕಿನ ಮೇಲೆ ಊಟದ ಪೊಟ್ಟಣವನ್ನು ಹೊತ್ತು ಓಡುವ ತರುಣನನ್ನು ಅವನ ಕಂಪನಿಯು ಆಳೆನ್ನುವುದಿಲ್ಲ, ನೌಕರನೆನ್ನುವುದಿಲ್ಲ, 'ಪಾಲುದಾರ' ಎನ್ನುತ್ತದೆ. ಆಯಗಾರನಿಗೆ ಕಣದ ರಾಶಿಯಾದರೂ ಕಾಣುತ್ತಿತ್ತು. ಇಂಥ ಕೆಲಸಗಾರರಿಗಾಗಿ ಕರ್ನಾಟಕವು 2025ರಲ್ಲಿ ಒಂದು ಕಾಯಿದೆ ಮಾಡಿದೆ. ಅವರಿಗೆ ಸಲ್ಲುವ ಹಣದ ಲೆಕ್ಕದಲ್ಲಿ ನೂರಕ್ಕೆ ಒಂದರಿಂದ ಐದರವರೆಗೆ ಶುಲ್ಕವನ್ನು ಕಂಪನಿಯು ಕ್ಷೇಮನಿಧಿಗೆ ಕಟ್ಟಬೇಕು. ಕೆಲಸ ಹಂಚುವ, ದರ ಕಟ್ಟುವ ಯಂತ್ರದ ಬಗೆಯನ್ನು ದುಡಿಯುವವನಿಗೆ ತಿಳಿಯಹೇಳಬೇಕೆಂದೂ ಅದರಲ್ಲಿದೆ.