ಹಳೆಯ ಭೂಪಟಗಳೂ ಹಾಳೂರುಗಳೂ

ವಿಜಯನಗರ ಕಾಲದ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗ ತೇಜಸ್ವಾಮ್ಯವೆಂಬ ಮಾತು ಚಿರಪರಿಚಿತವಾದುದು. ಭೂಮಿಯನ್ನು ಪಡೆದವನಿಗೆ ಅದರೊಳಗಿನ ನಿಧಿ ನಿಕ್ಷೇಪಗಳ ಮೇಲೂ ಹಕ್ಕು ಸಲ್ಲುವುದೆಂದು ಆ ಶಾಸನಗಳು ಹೇಳುತ್ತವೆ. ನೆಲದಡಿಯ ಹೊನ್ನಿನ ಆಸೆಯೂ ಅದರ ಹಕ್ಕಿನ ವಿಚಾರವೂ ನಮ್ಮ ನಾಡಿಗೆ ಹೊಸತಲ್ಲವೆಂದಾಯಿತು. ಹೊಸತಾದುದು ಕೈಯಲ್ಲಿ ಹಿಡಿದು ನಡೆಯಬಹುದಾದ ಲೋಹಶೋಧಕ ಯಂತ್ರ. ಅದರ ಜೊತೆಗೆ, ಹಳೆಯ ಭೂಪಟವನ್ನು ಮುಂದಿಟ್ಟುಕೊಂಡು ಎಲ್ಲಿ ಹುಡುಕಿದರೆ ಲಾಭವೆಂದು ಎಣಿಸುವ ಕ್ರಮ. ಈ ಎರಡರಲ್ಲಿ ಭೂಪಟದ ವಿದ್ಯೆಯು ನಮ್ಮ ಉಪಾಧ್ಯಾಯ ಮಿತ್ರರಿಗೆ ಬಹಳ ಉಪಯುಕ್ತವಾದುದೆಂದೂ, ಯಂತ್ರವು ಬಹಳ ಮಟ್ಟಿಗೆ ಅನರ್ಥಕಾರಿಯೆಂದೂ ನಮ್ಮ ಅಭಿಪ್ರಾಯ. ರಾಯದುರ್ಗ, ಮಡಕಶಿರಾ ಸೀಮೆಗಳನ್ನು ಆಧಾರವಾಗಿಟ್ಟುಕೊಂಡು ಅದನ್ನು ಇಲ್ಲಿ ವಿವರಿಸುತ್ತೇವೆ.

೧೮೦೦ರಲ್ಲಿ ನಿಜಾಮನು ಈ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಇಲ್ಲಿ ಕಂದಾಯದ ವ್ಯವಸ್ಥೆಯನ್ನು ಮಾಡಿದನು. ಮೈಸೂರಿನ ಮೋಜಣಿಯನ್ನು ನಡೆಸಿದ ಕಾಲಿನ್ ಮೆಕೆಂಜಿಯ ಮೇಲ್ವಿಚಾರಣೆಯಲ್ಲಿ ೧೮೦೯ರಿಂದೀಚೆಗೆ ಈ ದತ್ತಮಂಡಲದ ಮೋಜಣಿಯೂ ನಡೆಯಿತು. ಅದೇ ಕಾಲದಲ್ಲಿ ಲ್ಯಾಂಬ್ಟನ್ನನು ತನ್ನ ತ್ರಿಕೋನಮಾಪನದ ಸಾಲನ್ನು ಮಡಕಶಿರಾದ ನೆರೆಯ ಪಾವಗಡದ ಮೇಲಾಗಿ ಉತ್ತರಕ್ಕೆ ಒಯ್ದು, ೧೮೧೧ರಲ್ಲಿ ಗುತ್ತಿಯ ಬಳಿ ಆಧಾರರೇಖೆಯೊಂದನ್ನು ಅಳೆದನು. ಇಂತಹ ಮೋಜಣಿಗಳ ಫಲವಾಗಿ ಅಂಗುಲಕ್ಕೆ ನಾಲ್ಕು ಮೈಲಿಯ ಅಟ್ಲಾಸ್ ಹಾಳೆಗಳೂ, ಮುಂದೆ ಅಂಗುಲಕ್ಕೆ ಒಂದು ಮೈಲಿಯ ಸರ್ವೆ ಹಾಳೆಗಳೂ ಹೊರಬಂದವು. ಇವಲ್ಲದೆ ಕಂದಾಯ ಇಲಾಖೆಯ ಗ್ರಾಮನಕ್ಷೆಗಳು ಬೇರೆ ಇವೆ. ಇವು ಹೊರಗಿನವರ ಕಣ್ಣಿಗೆ ಬೀಳುವುದು ಕಡಮೆ. ಆದರೆ ಊರಿನ ವಿಷಯದಲ್ಲಿ ಇವುಗಳಷ್ಟು ಮಾತಾಡುವ ಸಾಕ್ಷಿ ಮತ್ತೊಂದಿಲ್ಲ.

ಈ ಹಾಳೆಗಳಲ್ಲಿ ನೋಡಬೇಕಾದುದು ಇರುವ ಊರುಗಳನ್ನಲ್ಲ, ಇಲ್ಲದ ಊರುಗಳನ್ನು. ಜನ ಬಿಟ್ಟುಹೋದ ಗ್ರಾಮವನ್ನು ಕಂದಾಯದ ಲೆಕ್ಕದಲ್ಲಿ ಬೇಚಿರಾಕ್ ಎಂದು ಬರೆಯುತ್ತಿದ್ದರು. ದೀಪವಿಲ್ಲದ ಊರು ಎಂದರ್ಥ. ಗ್ರಾಮದ ಹೆಸರೂ ಎಲ್ಲೆಯೂ ಉಳಿದು, ಮನೆಗಳು ಮಾತ್ರ ಇಲ್ಲದಿರುವುದು ಮೊದಲನೆಯ ಸುಳಿವು. ಕೆರೆಯಿದ್ದು ಅದರ ಸಮೀಪದಲ್ಲಿ ಊರಿಲ್ಲದಿರುವುದು, ನಾಲ್ಕಾರು ಕಾಲುದಾರಿಗಳು ಬಯಲಿನ ನಡುವೆ ವಿನಾಕಾರಣ ಕೂಡಿಕೊಂಡಿರುವುದು, ಒಂಟಿ ದೇವಾಲಯವೊಂದು ಹೊಲಗಳ ಮಧ್ಯೆ ನಿಂತಿರುವುದು ಮತ್ತಷ್ಟು ಸುಳಿವುಗಳು. ಅಂತಹ ಎಡೆಗೆ ನಡೆದುಹೋಗಿ ನೋಡಿದರೆ ಬೂದು ಬಣ್ಣದ ಮೆತ್ತನೆಯ ಮಣ್ಣಿನ ದಿಬ್ಬವೂ ಮಡಕೆಯ ಚೂರುಗಳೂ ಕಾಣುವ ಸಂಭವವುಂಟು. ತೆಲುಗರು ಇದನ್ನು ಪಾಟಿದಿಬ್ಬ ಎನ್ನುತ್ತಾರೆ. ಆ ಮಣ್ಣು ಬೆಳೆಗೆ ಒಳ್ಳೆಯದೆಂದು ರೈತರು ಗಾಡಿಗಟ್ಟಲೆ ಹೊಲಕ್ಕೆ ಸಾಗಿಸುವುದುಂಟು. ನಿಧಿಗಳ್ಳರಿಗಿಂತ ಮೊದಲೇ ಎಷ್ಟೋ ಹಾಳೂರುಗಳು ಹೀಗೆ ಗೊಬ್ಬರವಾಗಿ ಹೋಗಿವೆ! ಹಗರಿಯ ದಂಡೆಯಲ್ಲಿ ಮತ್ತೊಂದು ತೊಡಕು ಇದೆ. ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ಗಾಳಿಗೆ ಮರಳು ಸರಿದು ದಿಣ್ಣೆಗಳಾಗಿ ಹೊಲಗಳನ್ನು ಮುಚ್ಚುತ್ತದೆ. ಆದಕಾರಣ ಅಲ್ಲಿ ಒಂದೇ ಕಾಲದ ಹಾಳೆಯನ್ನು ನಂಬದೆ ಎರಡು ಮೂರು ಕಾಲದ ಹಾಳೆಗಳನ್ನು ಹೋಲಿಸುವುದು ಅವಶ್ಯಕ.

ಇನ್ನೊಂದು ಎಚ್ಚರಿಕೆ. ಹಳೆಯ ಹಾಳೆಗಳ ರೇಖಾಂಶಗಳು ಮದರಾಸು ವೀಕ್ಷಣಾಲಯದ ಹಿಂದಿನ ಗಣನೆಯನ್ನು ಅವಲಂಬಿಸಿದ್ದು, ಈಗಿನ ಲೆಕ್ಕಕ್ಕಿಂತ ಸುಮಾರು ೨ ಮಿನಿಟು ೨೭ ಸೆಕೆಂಡುಗಳಷ್ಟು ಹೆಚ್ಚಾಗಿವೆ. ನಮ್ಮ ಅಕ್ಷಾಂಶದಲ್ಲಿ ಇದು ಹೆಚ್ಚುಕಡಮೆ ನಾಲ್ಕೂವರೆ ಕಿಲೋಮೀಟರು. ಆ ಅಂಕೆಯನ್ನು ಹಾಗೆಯೇ ಕೈಫೋನಿನ ನಕ್ಷೆಗೆ ಇಳಿಸಿದವನು ಹಾಳೂರನ್ನು ಬಿಟ್ಟು ಪಕ್ಕದ ಊರಿನ ಕಡಲೆಕಾಯಿ ಹೊಲದಲ್ಲಿ ನಿಲ್ಲುತ್ತಾನೆ. ಅಂಕೆಗಿಂತ ಕೆರೆಯ ಏರಿ, ಗುಡ್ಡದ ನೆತ್ತಿ, ಹಳ್ಳದ ತಿರುವು ಇವುಗಳನ್ನು ಗುರುತಾಗಿಟ್ಟುಕೊಳ್ಳುವುದೇ ಲೇಸು.

ಗಡಿನಾಡಿನವರಾದ ನಮಗೆ ಭೂಪಟದಲ್ಲಿ ಅತ್ಯಂತ ಅಮೂಲ್ಯವಾದ ಭಾಗ ಹೆಸರುಗಳು. ಮಡಕಶಿರಾ ಸೀಮೆಯ ಹೇಮಾವತಿಯನ್ನೇ ತೆಗೆದುಕೊಳ್ಳೋಣ. ಭೂಪಟದಲ್ಲಿ ಅದೊಂದು ಸಣ್ಣ ಗ್ರಾಮ. ಶಾಸನಗಳಲ್ಲಿ ಅದೇ ಹೆಂಜೇರು, ಪೆಂಜೇರು. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ. ಅಲ್ಲಿಯ ಶಿಲ್ಪಗಳಲ್ಲಿ ಕೆಲವು ಇಂದು ಮದರಾಸಿನ ವಸ್ತುಸಂಗ್ರಹಾಲಯದಲ್ಲಿವೆ. ಭೂಪಟವೊಂದನ್ನೇ ನಂಬಿದವನಿಗೆ ಈ ರಾಜಧಾನಿ ಸಿಕ್ಕುವುದಿಲ್ಲ; ಶಾಸನವೊಂದನ್ನೇ ಓದಿದವನಿಗೆ ಅದು ಎಲ್ಲಿದೆಯೆಂದು ತಿಳಿಯುವುದಿಲ್ಲ. ಎರಡರ ನಡುವಣ ಸೇತುವೆ ಊರವರ ಬಾಯಿಮಾತು. ಹೇಮಾವತಿಯ ಸಿದ್ಧೇಶ್ವರನನ್ನು ಭಕ್ತರು ಹೆಂಜೇರು ಸಿದ್ಧೇಶ್ವರನೆಂದು ಕರೆಯುತ್ತ ಬಂದುದರಿಂದ ಹಳೆಯ ಹೆಸರು ಉಳಿಯಿತು.

ಎಲ್ಲ ಹೆಸರುಗಳಿಗೂ ಈ ಭಾಗ್ಯವಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲೂಕು ೧೯೫೩ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿ ಅನಂತಪುರ ಜಿಲ್ಲೆಗೆ ಹೋಯಿತು. ಮಡಕಶಿರಾ ೨೦೨೨ರಲ್ಲಿ ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದಂತೆ ದಫ್ತರದ ಭಾಷೆ ಬದಲಾಗುತ್ತದೆ; ಹಳ್ಳಿ ಪಲ್ಲಿಯಾಗುತ್ತದೆ. ಇದರಲ್ಲಿ ಯಾರ ದ್ವೇಷವೂ ಇರಬೇಕಾದುದಿಲ್ಲ, ಬರೆಯುವವನ ನಾಲಗೆಯ ರೂಢಿ ಅಷ್ಟೆ. ಆದರೆ ಹಾಳೂರಿನ ಪಕ್ಷದಲ್ಲಿ ಹೆಸರನ್ನು ತಿದ್ದಿ ಹೇಳಲು ಅಲ್ಲಿ ಜನರೇ ಇಲ್ಲ. ಕಾಗದದ ಮೇಲಿನ ಹೆಸರು ಹೋದರೆ ಊರು ಎರಡನೆಯ ಸಲ ಹಾಳಾದಂತೆ. ಮೆಕೆಂಜಿಯ ಸಹಾಯಕರು ಊರೂರಿನಲ್ಲಿ ಬರೆಸಿಕೊಂಡ ಕೈಫಿಯತ್ತುಗಳು ಇಂತಹ ಕಡೆ ನೆರವಾಗುತ್ತವೆ. ಎಂ. ಎಂ. ಕಲಬುರ್ಗಿಯವರು ಕನ್ನಡ ಕೈಫಿಯತ್ತುಗಳನ್ನು ಸಂಪಾದಿಸಿ ಪ್ರಕಟಿಸಿ ಮಹೋಪಕಾರ ಮಾಡಿದ್ದಾರೆ.

ಇನ್ನು ಯಂತ್ರದ ಮಾತು. ರಾಯದುರ್ಗದಿಂದ ನೇರ ದೂರದಲ್ಲಿ ಹತ್ತು ಮೈಲಿಗಳ ಆಸುಪಾಸಿನಲ್ಲಿ, ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ಇದೆ. ಬಿ. ಎಲ್. ರೈಸರು ೧೮೯೨ರಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದುದು ಆ ಪ್ರದೇಶದಲ್ಲಿಯೇ. ಅವುಗಳಲ್ಲಿ ಇಸಿಲವೆಂಬ ಪಟ್ಟಣದ ಹೆಸರು ಬರುತ್ತದೆ. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆದಾಗ ಕಲ್ಲುಕೊಡಲಿಯ ಜನ, ಬೃಹತ್ ಶಿಲಾಸಮಾಧಿಗಳ ಜನ, ಆಂಧ್ರರ ಕಾಲದ ಜನ, ಹೀಗೆ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ಕಾಣಿಸಿದವು. ಆ ಪದರಗಳಿಗೆ ಕಾಲವನ್ನು ಗೊತ್ತುಮಾಡಿಕೊಟ್ಟುದು ಮುಖ್ಯವಾಗಿ ಚಕ್ರರೇಖೆಗಳುಳ್ಳ ಮಡಕೆಯ ಚೂರು. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಅದೇ ಬಗೆಯ ಮಡಕೆ ರೋಮನರ ಸಾಮಗ್ರಿಗಳೊಡನೆ ದೊರೆತಿದ್ದುದರಿಂದ ಅದರ ಕಾಲ ತಿಳಿದಿತ್ತು.

ಲೋಹಶೋಧಕವು ಮಡಕೆಗೆ ಕಿವುಡು. ಅದರ ಸುರುಳಿಯಲ್ಲಿ ಹರಿಯುವ ವಿದ್ಯುತ್ತು ಸಮೀಪದ ಲೋಹದಲ್ಲಿ ಪ್ರತಿಪ್ರವಾಹವನ್ನು ಎಬ್ಬಿಸಿದಾಗ ಮಾತ್ರ ಅದು ಕೂಗುತ್ತದೆ. ಒಂಟಿ ನಾಣ್ಯವಾದರೆ ಸಾಮಾನ್ಯ ಯಂತ್ರಕ್ಕೆ ಒಂದಡಿಯ ಆಳವೇ ಹೆಚ್ಚು. ನೇಗಿಲ ಗುಳದ ಮುರುಕು, ಎತ್ತಿನ ಲಾಳ, ಸೋಡಾಬುಡ್ಡಿಯ ಮುಚ್ಚಳ ಇವಕ್ಕೂ ಅದು ಕೂಗುತ್ತದೆ. ಕೂಗಿದಲ್ಲೆಲ್ಲ ಗುಂಡಿ ತೋಡುವವನು ಮೇಲಿನ ಪದರವನ್ನು ಕೆಳಗಿನದರೊಡನೆ ಕಲಸಿಬಿಡುತ್ತಾನೆ. ಬ್ರಹ್ಮಗಿರಿಯಲ್ಲಿ ಅಂತಹವನೊಬ್ಬನು ವ್ಹೀಲರ್‌ಗಿಂತ ಮುಂಚೆ ಹೋಗಿದ್ದರೆ ಆ ಮೂರು ಪದರಗಳ ಕ್ರಮ ನಮಗೆ ದಕ್ಕುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಹವ್ಯಾಸಿಗಳು ಹಳೆಯ ಭೂಪಟ ನೋಡಿ ಯಂತ್ರ ಹಿಡಿದು ಹೊಲ ಸುತ್ತುವುದುಂಟು; ೧೯೯೬ರ ಕಾನೂನೂ ೧೯೯೭ರಿಂದ ನಡೆದುಬಂದ ದಾಖಲಾತಿ ಯೋಜನೆಯೂ ಅಲ್ಲಿ ಅದಕ್ಕೆ ಕಟ್ಟುಪಾಡು ಮಾಡಿವೆ. ನಮ್ಮ ದೇಶದಲ್ಲಿ ೧೮೭೮ರ ನಿಧಿ ಶಾಸನದಂತೆ ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ನಿಧಿ ಸಿಕ್ಕಿದವನು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ಮುಚ್ಚಿಟ್ಟರೆ ಪಾಲೂ ಹೋಗಿ ಶಿಕ್ಷೆಯೂ ಉಂಟು. ರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು ೧೯೫೮ರ ಕಾನೂನು ನಿಷೇಧಿಸಿದೆ. ಆದರೆ ಹೆಸರಿಲ್ಲದ ಹಾಳೂರಿಗೆ ಕಾವಲುಗಾರನಿಲ್ಲ. ರಾಯದುರ್ಗದ ಬೆಟ್ಟದ ರಸಸಿದ್ಧರ ಗುಡಿಯಂತಹ ಕಡೆಯಂತೂ ಹೆಸರೇ ಆಸೆಯನ್ನು ಕೆರಳಿಸುವಂತಿದೆ. ಕಬ್ಬಿಣವನ್ನು ಹೊನ್ನು ಮಾಡುವ ವಿದ್ಯೆ ಬಲ್ಲವರೆಂದು ರಸಸಿದ್ಧರನ್ನು ಜನ ನಂಬಿದ್ದಾರೆ.

ಅಗೆಯದೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಪ್ರತಿಯೊಬ್ಬ ಉಪಾಧ್ಯಾಯರೂ ತಮ್ಮ ಶಾಲೆಯ ಗ್ರಾಮನಕ್ಷೆಯ ಪ್ರತಿಯೊಂದನ್ನು ಪಡೆದು, ಹೊಲ, ಕೆರೆ, ದಿಣ್ಣೆ, ಹಳ್ಳಗಳಿಗೆ ಊರಿನ ಹಿರಿಯರು ಹೇಳುವ ಹೆಸರನ್ನು ಅವರು ಉಚ್ಚರಿಸಿದಂತೆಯೇ, ಕನ್ನಡವಾದರೆ ಕನ್ನಡದಲ್ಲಿ, ತೆಲುಗಾದರೆ ತೆಲುಗಿನಲ್ಲಿ ಬರೆದುಕೊಳ್ಳಲಿ. ಮಡಕೆಚೂರು ಕಂಡ ಕಡೆ ಸರ್ವೆ ನಂಬರನ್ನು ಗುರುತಿಸಿ, ಚೂರನ್ನು ಅಲ್ಲಿಯೇ ಬಿಟ್ಟು, ಪುರಾತತ್ತ್ವ ಇಲಾಖೆಗೆ ಕಾಗದ ಬರೆಯಲಿ. ಅಗಳಿ, ರೊಳ್ಳ, ಅಮರಾಪುರಗಳ ಕಡೆಯ ಹಿರಿಯರಿಂದ ಮೊದಲು ಕೇಳತಕ್ಕದ್ದು ಬೇಚಿರಾಕ್ ಗ್ರಾಮಗಳ ಹೆಸರುಗಳನ್ನು. ಆ ಊರನ್ನು ಬಿಟ್ಟು ಬಂದ ಮನೆತನದವರು ಸುತ್ತಲ ಯಾವುದಾದರೊಂದು ಹಳ್ಳಿಯಲ್ಲಿದ್ದು, ವರ್ಷಕ್ಕೊಮ್ಮೆ ಹಾಳು ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುವುದುಂಟು. ಅಂತಹವರು ಸಿಕ್ಕಿದಲ್ಲಿ ಪೂಜೆಯ ದಿನವೇ ನಕ್ಷೆಯೊಡನೆ ಅವರ ಜೊತೆಯಲ್ಲಿ ಹೋಗುವುದು ಅನುಕೂಲ.