ಬೆನ್ನಿನ ಸ್ನಾಯುಗಳು

ಬೆನ್ನುಮೂಳೆಯನ್ನು ನೆಟ್ಟಗೆ ನಿಲ್ಲಿಸುವ, ಬಾಗಿಸುವ, ತಿರುಗಿಸುವ ಸ್ನಾಯುಗಳ ಸಮೂಹ. ಕುತ್ತಿಗೆಯಿಂದ ಸೊಂಟದವರೆಗಿನ 24 ಬಿಡಿ ಕಶೇರುಮಣಿಗಳು ಒಂದರ ಮೇಲೊಂದು ನಿಲ್ಲುವುದು ಇವುಗಳ ಹಾಗೂ ಅಸ್ಥಿರಜ್ಜುಗಳ ಬಿಗಿತದಿಂದ.

ಮೇಲ್ಪದರದ ಟ್ರೆಪೀಜಿಯಸ್, ಲ್ಯಾಟಿಸಿಮಸ್ ಡಾರ್ಸೈ ಬೆನ್ನಿನಲ್ಲಿದ್ದರೂ ಮುಖ್ಯವಾಗಿ ದುಡಿಯುವುದು ಭುಜ, ತೋಳುಗಳಿಗಾಗಿ. ಬೆನ್ನಿನ ಸ್ವಂತ ಸ್ನಾಯುಗಳು ಒಳಗಿನವು. ಬೆನ್ನುಮೂಳೆಯ ಎರಡೂ ಮಗ್ಗುಲಲ್ಲಿ ಹಗ್ಗದಂತೆ ಉಬ್ಬಿ ಕೈಗೆ ಸಿಗುವುದು ಇರೆಕ್ಟರ್ ಸ್ಪೈನೆ. ಇಲಿಯೊಕಾಸ್ಟಾಲಿಸ್, ಲಾಂಗಿಸಿಮಸ್, ಸ್ಪೈನಾಲಿಸ್ ಎಂಬ ಮೂರು ಪಟ್ಟಿಗಳು ಸೇರಿ ಇದಾಗಿದೆ. ಇನ್ನೂ ಆಳದಲ್ಲಿರುವ ಮಲ್ಟಿಫಿಡಸ್ ಚಿಕ್ಕದು, ಆದರೆ ಒಂದೊಂದು ಮಣಿಯೂ ಅಲುಗದಂತೆ ಹಿಡಿಯುವ ಅದರ ಕೆಲಸ ದೊಡ್ಡದು.

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಂಥ ಊರಿನ ಹೊಲದಲ್ಲಿ ಕಳೆ ಕೀಳುವವರ ಬೆನ್ನನ್ನು ಗಮನಿಸಬೇಕು. ಬಾಗತೊಡಗಿದಾಗ ಇರೆಕ್ಟರ್ ಸ್ಪೈನೆ ಬಿಗಿಯಾಗಿಯೇ ಇದ್ದು, ನಿಧಾನವಾಗಿ ಉದ್ದವಾಗುತ್ತ ಮೈಭಾರವನ್ನು ತಡೆದು ಇಳಿಸುತ್ತದೆ. ಪೂರ್ತಿ ಬಾಗಿದ ಮೇಲೆ ಸೊಂಟದ ಭಾಗದಲ್ಲಿ ಅದು ಬಹುಮಟ್ಟಿಗೆ ಸುಮ್ಮನಾಗುತ್ತದೆ. ಭಾರ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಗಂಟೆಗಟ್ಟಲೆ ಹಾಗೇ ಇದ್ದರೆ ಅವು ಹಿಗ್ಗಿ, ಏಳುವಾಗ ಸೊಂಟ ಹಿಡಿಯುತ್ತದೆ. ನಡುನಡುವೆ ನೆಟ್ಟಗೆ ನಿಂತು ಬೆನ್ನು ಸಡಿಲಿಸಿಕೊಳ್ಳುವುದನ್ನು ಮೈಗಳ್ಳತನವೆನ್ನುವುದು ಅನ್ಯಾಯ. ಅದು ಕೆಲಸದ್ದೇ ಭಾಗ.

ಇದೇ ಸೀಮೆಯ ಮಲೆ ಮಹದೇಶ್ವರನ ಭಕ್ತರ ಬೀಸು ಕಂಸಾಳೆಯಲ್ಲಿ ಈ ಸ್ನಾಯುಗಳ ಪೂರ್ತಿ ಶಕ್ತಿ ಕಾಣಸಿಗುತ್ತದೆ. ಬಲಗೈಯ ದಾರದಲ್ಲಿನ ತಾಳವನ್ನು ಬೀಸಿ ಎಡಗೈಯ ಬಟ್ಟಲಿಗೆ ಬಡಿಯುತ್ತ ಕುಣಿಯುವವರು ಬಾಗಿ, ಹೊರಳಿ, ಮೈ ತಿರುಚಿ ಏಳುತ್ತಾರೆ. ಪ್ರತಿ ತಿರುವಿನಲ್ಲೂ ಕೆಲವು ಎಳೆಗಳು ಎಳೆದರೆ ಉಳಿದವು ಬೆನ್ನು ಅಳತೆ ಮೀರದಂತೆ ತಡೆಯುತ್ತವೆ.